ಪಂಚಾಯತಿಯ ಕರೆಂಟ್ ಬಿಲ್ಲೂ ಹವಾಮಾನ ನೀತಿಯೇ

ಹವಾಮಾನ ಬದಲಾವಣೆಯ ವಿಚಾರದಲ್ಲಿ ಒಂದು ಗ್ರಾಮ ಪಂಚಾಯತಿ ಅಥವಾ ಪುರಸಭೆ ಏನು ಮಾಡಬಲ್ಲದು ಎಂದು ಕೇಳಿದರೆ ನಮ್ಮಲ್ಲಿ ಎರಡು ಉತ್ತರಗಳು ಸಿದ್ಧವಾಗಿವೆ. ಒಂದು, ಏನೂ ಆಗದು ಎಂಬುದು. ದುಡ್ಡಿಲ್ಲ, ಅಧಿಕಾರವಿಲ್ಲ, ತಜ್ಞರಿಲ್ಲ. ಇಂಗಾಲದ ಮಾತು ದೆಹಲಿಯಲ್ಲೋ ವಿಶ್ವಸಂಸ್ಥೆಯ ಸಮಾವೇಶದಲ್ಲೋ ತೀರ್ಮಾನವಾಗಬೇಕಾದದ್ದು. ಇನ್ನೊಂದು, ಎಲ್ಲವೂ ಆಗುತ್ತದೆ ಎಂಬುದು. ಕೇರಳದ ಮೀನಂಗಾಡಿ ನೋಡಿ, ಮಹಾರಾಷ್ಟ್ರದ ಹಿವರೆ ಬಜಾರ್ ನೋಡಿ, ಒಬ್ಬ ಒಳ್ಳೆಯ ಅಧ್ಯಕ್ಷ ಸಿಕ್ಕರೆ ನಮ್ಮೂರೂ ಹಾಗಾಗುತ್ತದೆ. ಮೊದಲ ಉತ್ತರವನ್ನು ಅಧಿಕಾರಿಗಳೂ ಸದಸ್ಯರೂ ಹೇಳುತ್ತಾರೆ. ಎರಡನೆಯದನ್ನು ಪತ್ರಿಕೆಗಳೂ ಪರಿಸರಪ್ರಿಯರೂ ಹೇಳುತ್ತಾರೆ.

ಮೇಲ್ನೋಟಕ್ಕೆ ಎದುರುಬದುರಾಗಿ ಕಂಡರೂ ಈ ಎರಡು ಉತ್ತರಗಳ ಬೇರು ಒಂದೇ. ಹವಾಮಾನವೆಂಬುದು ಸ್ಥಳೀಯ ಸಂಸ್ಥೆಯ ದಿನನಿತ್ಯದ ಕೆಲಸಕ್ಕೆ ಹೊರಗಿನಿಂದ ಬಂದು ಸೇರಿದ ಹೊಸ ಬಾಬತ್ತು ಎಂದು ಎರಡೂ ನಂಬಿವೆ. ನಾನು ಇದನ್ನು ಒಪ್ಪುವುದಿಲ್ಲ. ನೀರು, ಬೀದಿದೀಪ, ಕಸ, ಕೆರೆ, ಚರಂಡಿ, ಕಟ್ಟಡ ಪರವಾನಗಿ ಎಂದು ಪಂಚಾಯತಿ ಈಗ ಮಾಡುತ್ತಿರುವ ಕೆಲಸಗಳೇ ಅದರ ಹವಾಮಾನ ಕೆಲಸಗಳು. ಅವನ್ನು ನೆಟ್ಟಗೆ ಮಾಡಲು ಬೇಕಾದ ಅಧಿಕಾರ ಹಳ್ಳಿಗಳಲ್ಲಿ ಬಹುಮಟ್ಟಿಗೆ ಇದೆ, ನಗರಗಳಲ್ಲಿ ಬಹುಮಟ್ಟಿಗೆ ಇಲ್ಲ. ಈ ವ್ಯತ್ಯಾಸ ಗುರುತಿಸದೆ ಎರಡಕ್ಕೂ ಒಂದೇ ಉಪದೇಶ ಮಾಡುತ್ತ ಬಂದಿರುವುದೇ ನಮ್ಮ ಚರ್ಚೆಯ ದೊಡ್ಡ ದೋಷ.

ಮೊದಲು ಮಾದರಿ ಗ್ರಾಮಗಳ ವಿಷಯ. ವಯನಾಡಿನ ಮೀನಂಗಾಡಿ 2016ರಲ್ಲಿ ಇಂಗಾಲ ಸಮತೋಲನದ ಪಂಚಾಯತಿಯಾಗುವ ಗುರಿ ಹಾಕಿಕೊಂಡಿತು. ಅಲ್ಲಿನ ಮರ ಅಡವಿನ ಯೋಜನೆ ಜಾಣತನದ್ದು: ರೈತ ತನ್ನ ಜಮೀನಿನ ಮರವನ್ನು ಕಡಿಯದೆ ಬ್ಯಾಂಕಿಗೆ ಒತ್ತೆಯಿಟ್ಟರೆ ಮರವೊಂದಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಹತ್ತು ವರ್ಷ ಬಡ್ಡಿಯಿಲ್ಲದ ಸಾಲ. ಮರ ಉಳಿಸುವುದಕ್ಕೂ ಒಂದು ಆರ್ಥಿಕ ಕಾರಣ ಬೇಕು ಎಂಬ ಸತ್ಯವನ್ನು ಒಂದು ಪಂಚಾಯತಿ ಅರ್ಥ ಮಾಡಿಕೊಂಡದ್ದು ದೊಡ್ಡ ಸಂಗತಿ. 2022ರ ಏಪ್ರಿಲ್‌ನಲ್ಲಿ ಜಮ್ಮುವಿನ ಪಲ್ಲಿ ಗ್ರಾಮ 500 ಕಿಲೋವ್ಯಾಟ್ ಸೌರ ಘಟಕದೊಡನೆ ಇದೇ ಬಿರುದು ಪಡೆಯಿತು. ಎರಡನ್ನೂ ನಾನು ಗೌರವಿಸುತ್ತೇನೆ. ಆದರೆ ‘ಇಂಗಾಲ ಸಮತೋಲನ’ ಎಂಬ ಅಳತೆಗೋಲನ್ನೇ ಎಲ್ಲ ಪಂಚಾಯತಿಗಳ ಮುಂದೆ ಹಿಡಿಯುವುದಕ್ಕೆ ನನ್ನ ತಕರಾರಿದೆ.

ಕಾರಣ ಸರಳ. ಸಿರಸಿ, ತೀರ್ಥಹಳ್ಳಿ, ಮೂಡಿಗೆರೆ ಕಡೆಯ ಒಂದು ಪಂಚಾಯತಿಯನ್ನು ತೆಗೆದುಕೊಳ್ಳಿ. ಸುತ್ತ ಕಾಡು, ಕಾಫಿ ತೋಟದ ನೆರಳು ಮರ, ಅಡಿಕೆ ತೋಟಕ್ಕೆ ಸೇರಿದ ಬೆಟ್ಟ. ಆ ಪಂಚಾಯತಿ ಸಭೆಯನ್ನೇ ಕರೆಯದಿದ್ದರೂ ಇಂಗಾಲದ ಲೆಕ್ಕದಲ್ಲಿ ಗೆದ್ದೇ ಇರುತ್ತದೆ. ಈಗ ರಾಯಚೂರಿನ ಕಡೆ ಬನ್ನಿ. ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರವಿದೆ. ಅದರ ಹೊಗೆ, ಹಾರುಬೂದಿ ಅಲ್ಲಿಯ ಊರುಗಳ ಪಾಲು. ಅದರ ಬೆಳಕು ಬೆಂಗಳೂರಿಗೂ ಬೇಕು. ಸಿಂಧನೂರು, ಗಂಗಾವತಿಯ ಭತ್ತದ ಗದ್ದೆಗಳಲ್ಲಿ ನಿಂತ ನೀರಿನಿಂದ ಮೀಥೇನ್ ಏಳುತ್ತದೆ. ಆ ಅಕ್ಕಿ ತಿನ್ನುವವರು ಬೇರೆಡೆ ಇದ್ದಾರೆ. ಭೌಗೋಳಿಕ ಅದೃಷ್ಟವನ್ನು ಆಡಳಿತದ ಸಾಧನೆಯೆಂದೂ, ಮತ್ತೊಬ್ಬರ ಅಗತ್ಯಕ್ಕಾಗಿ ಹೊತ್ತ ಭಾರವನ್ನು ಸ್ವಂತ ತಪ್ಪೆಂದೂ ತೋರಿಸುವ ಅಳತೆಗೋಲು ನ್ಯಾಯದ್ದಲ್ಲ. ಬಿಸಿಲಿನ ನಾಡಿನ ಪಂಚಾಯತಿಗೆ ಮೊದಲು ಬೇಕಿರುವುದು ಜನ ಬದುಕುಳಿಯುವ ವ್ಯವಸ್ಥೆ.

ಇದಕ್ಕೆ ಬರುವ ಪ್ರತಿವಾದ ನನಗೆ ಗೊತ್ತು. ಅಳೆಯದೆ ಏನನ್ನೂ ಸುಧಾರಿಸಲಾಗದು, ಇಂಗಾಲದ ಟನ್ನು ಬೇಡವೆಂದರೆ ಬೇರೆ ಯಾವ ಅಳತೆ ಎಂದು ಕೇಳುತ್ತಾರೆ. ಅಳತೆ ಬೇಕು, ಅದು ಪಂಚಾಯತಿಯ ಕಡತದಲ್ಲೇ ಇದೆ. ಪ್ರತಿ ತಿಂಗಳು ಬರುವ ಕರೆಂಟ್ ಬಿಲ್ಲನ್ನು ತೆಗೆದು ನೋಡಿ. ಒಂದೊಂದು ಬೋರ್‌ವೆಲ್‌ಗೂ ಒಂದೊಂದು ಆರ್.ಆರ್. ನಂಬರು, ಬೀದಿದೀಪಕ್ಕೆ ಬೇರೆ ನಂಬರು, ಅದರೆದುರು ಯೂನಿಟ್ಟು, ಅದರೆದುರು ಹಳೆ ಬಾಕಿ. ಎಸ್ಕಾಂಗಳಿಗೆ ಪಂಚಾಯತಿಗಳು ಉಳಿಸಿಕೊಂಡಿರುವ ಬಾಕಿ ರಾಜ್ಯದ ಹಳೆಯ ತಲೆನೋವು. ಇದನ್ನು ನಾವು ಇಂದಿಗೂ ಬರೀ ಹಣಕಾಸಿನ ಅಶಿಸ್ತು ಎಂದು ಓದುತ್ತಿದ್ದೇವೆ. ನಾನು ಇದನ್ನು ಹವಾಮಾನದ ದಾಖಲೆಯೆಂದು ಓದುತ್ತೇನೆ.

ಸ್ವಲ್ಪ ಹತ್ತಿರದಿಂದ ನೋಡೋಣ. ಸಾವಿರ ಲೀಟರ್ ನೀರನ್ನು ನೂರು ಮೀಟರ್ ಮೇಲೆತ್ತಲು ಭೌತಶಾಸ್ತ್ರದ ಲೆಕ್ಕದಂತೆ ಕಾಲು ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್ ಬೇಕು. ಸಬ್‌ಮರ್ಸಿಬಲ್ ಪಂಪಿನ ನಷ್ಟ ಸೇರಿಸಿದರೆ ಅದು ಇಮ್ಮಡಿಗಿಂತ ಹೆಚ್ಚಾಗುತ್ತದೆ. ಐದು ಸಾವಿರ ಜನರಿರುವ ಪಂಚಾಯತಿ, ಜಲಜೀವನ್ ಮಿಷನ್ ಹೇಳುವಂತೆ ತಲೆಗೆ ದಿನಕ್ಕೆ 55 ಲೀಟರ್ ಕೊಡುತ್ತದೆ ಎನ್ನಿ. ನೀರು ಇನ್ನೂರು ಮೀಟರ್ ಆಳಕ್ಕೆ ಇಳಿದಿದ್ದರೆ ದಿನಕ್ಕೆ ಮುನ್ನೂರು ಯೂನಿಟ್‌ಗೂ ಹೆಚ್ಚು ಬೇಕು. ಗೇಟ್‌ವಾಲ್ವ್‌ನಲ್ಲಿ ಸೋರಿ, ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿದು, ನಲ್ಲಿಯ ತಿರುಪಿಲ್ಲದ ಪೈಪಿನಲ್ಲಿ ಹೋಗಿ ಮೂರರಲ್ಲೊಂದು ಪಾಲು ಪೋಲಾದರೆ ದಿನಕ್ಕೆ ನೂರು ಯೂನಿಟ್ ಚರಂಡಿ ಸೇರಿದಂತೆ. ನಮ್ಮ ಗ್ರಿಡ್‌ನಲ್ಲಿ ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೂ ವರ್ಷಕ್ಕೆ 25 ಟನ್. ಇಷ್ಟನ್ನು ತಡೆಯಲು ಬೇಕಾದದ್ದು ಒಂದಷ್ಟು ವಾಲ್ವು, ಟ್ಯಾಂಕಿಗೆ ಒಂದು ಫ್ಲೋಟ್ ಸ್ವಿಚ್ಚು, ಸಮಯಕ್ಕೆ ಸರಿಯಾಗಿ ಸಂಬಳ ಪಡೆಯುವ ಒಬ್ಬ ನೀರಗಂಟಿ.

ಇಲ್ಲಿ ಎರಡು ಸಂಗತಿಗಳು ಒಂದಾಗುತ್ತವೆ. ಅಂತರ್ಜಲ ಇಳಿದಷ್ಟೂ ಬಿಲ್ಲು ಏರುತ್ತದೆ. ಅಂದರೆ ಕೆರೆಯ ಹೂಳೆತ್ತಿ, ಪೋಷಕ ಕಾಲುವೆಯ ಒತ್ತುವರಿ ತೆಗೆಸಿ, ಬದು ಹಾಕಿ ನೀರನ್ನು ಮೇಲಕ್ಕೆ ತಂದ ಊರು ಬರಕ್ಕೂ ಸಿದ್ಧವಾಗುತ್ತದೆ, ಹೊರಸೂಸುವಿಕೆಯನ್ನೂ ತಗ್ಗಿಸುತ್ತದೆ. ಹೊಂದಾಣಿಕೆ ಬೇರೆ, ತಗ್ಗಿಸುವಿಕೆ ಬೇರೆ ಎಂದು ತಜ್ಞರ ವರದಿಗಳು ಎಳೆಯುವ ಗೆರೆ ಗ್ರಾಮ ಮಟ್ಟದಲ್ಲಿ ಉಳಿಯುವುದಿಲ್ಲ. 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ನಮ್ಮಲ್ಲಿ ಪಂಚಾಯತಿ ವ್ಯವಸ್ಥೆಯ ಸುಪರ್ದಿಯಲ್ಲಿವೆ. ರಾಜ್ಯದ ಕೆರೆಗಳಲ್ಲಿ ಬಹುಪಾಲು ಇವೇ. ನರೇಗಾದಲ್ಲಿ ವರ್ಷಗಟ್ಟಲೆ ತೋಡಿದ ಕೃಷಿಹೊಂಡ, ಜೀರ್ಣೋದ್ಧಾರವಾದ ಕಲ್ಯಾಣಿ, ಗೋಕಟ್ಟೆಗಳನ್ನು ಕೂಲಿ ಕೊಡುವ ಯೋಜನೆಯ ಉಪಫಲ ಎಂದಷ್ಟೇ ಕಂಡದ್ದು ನಮ್ಮ ಪರಿಸರ ಬರವಣಿಗೆಯ ಲೋಪ. ಕರ್ನಾಟಕದ ಹಳ್ಳಿಗಳಲ್ಲಿ ಹವಾಮಾನ ಹೊಂದಾಣಿಕೆಯ ದೊಡ್ಡ ಕಾಮಗಾರಿ ಅದೇ ಆಗಿತ್ತು. ಜೂನ್ ತಿಂಗಳಲ್ಲಿ ನೆಟ್ಟ ಸಸಿಗಳ ಫೋಟೊ ಅದಕ್ಕಿಂತ ಹೆಚ್ಚು ಪ್ರಚಾರ ಪಡೆಯಿತು. ಇರುವ ಗುಂಡುತೋಪನ್ನು ಸರ್ವೆ ಮಾಡಿಸಿ, ಕಲ್ಲು ನೆಡಿಸಿ, ಒತ್ತುವರಿಯಿಂದ ಉಳಿಸಿಕೊಂಡ ಪಂಚಾಯತಿಯ ಸುದ್ದಿ ಎಲ್ಲೂ ಬರುವುದಿಲ್ಲ.

ದುಡ್ಡಿಲ್ಲ ಎಂಬ ವಾದವನ್ನು ಈಗ ಎದುರಿಸೋಣ. ತಮಿಳುನಾಡಿನ ಮೇಟ್ಟುಪಾಳಯಂ ಬಳಿಯ ಓಡಂತುರೈ ಪಂಚಾಯತಿ 2006ರಲ್ಲಿ 350 ಕಿಲೋವ್ಯಾಟ್‌ನ ಸ್ವಂತ ಗಾಳಿಯಂತ್ರ ಕೊಂಡಿತು. ಒಟ್ಟು ವೆಚ್ಚ 1.55 ಕೋಟಿ ರೂಪಾಯಿ, ಅದರಲ್ಲಿ 1.15 ಕೋಟಿ ಬ್ಯಾಂಕ್ ಸಾಲ, ಉಳಿದದ್ದು ಪಂಚಾಯತಿಯ ಉಳಿತಾಯ. ತನ್ನ ಬಳಕೆಗೆ ಮೀರಿದ ವಿದ್ಯುತ್ತನ್ನು ರಾಜ್ಯದ ವಿದ್ಯುತ್ ಸಂಸ್ಥೆಗೆ ಮಾರಿ ಸಾಲದ ಕಂತು ಕಟ್ಟಿತು. ಈ ಕತೆಯನ್ನು ನಮ್ಮ ಮಾಧ್ಯಮಗಳು ಅಲ್ಲಿನ ಅಧ್ಯಕ್ಷ ಆರ್. ಷಣ್ಮುಗಂ ಅವರ ಛಲದ ಕತೆಯಾಗಿ ಹೇಳಿವೆ. ಛಲ ಇತ್ತು, ನಿಜ. ಆದರೆ ಆ ನಿರೂಪಣೆ ಬಿಟ್ಟುಬಿಡುವ ಸಂಗತಿಗಳೇ ನಮಗೆ ಉಪಯೋಗದವು. ಅಲ್ಲಿ ಎಲ್ಲವೂ ಶುರುವಾದದ್ದು ಏರುತ್ತಿದ್ದ ಕರೆಂಟ್ ಬಿಲ್ಲಿನಿಂದ. ಮೊದಲು ಬೀದಿದೀಪ, ಪಂಪುಗಳ ಖರ್ಚು ಇಳಿಸಿದರು, ಉಳಿತಾಯ ಕೂಡಿಟ್ಟರು, ಆಮೇಲೆ ಸಾಲ ತಂದರು. ಸಾಲ ತರಬಲ್ಲ, ತೀರಿಸಬಲ್ಲ ಒಂದು ಸಂಸ್ಥೆಯಾಗಿ ಪಂಚಾಯತಿ ವರ್ತಿಸಿತು. ಇದು ಪವಾಡವಲ್ಲ, ಲೆಕ್ಕ.

ನಮ್ಮಲ್ಲಿ ಇದು ಯಾಕೆ ಆಗುತ್ತಿಲ್ಲ? ಪಂಚಾಯತಿಗೆ ಬರುವ ಹಣದ ಬಹುಪಾಲಿಗೆ ಮೊದಲೇ ಹಣೆಪಟ್ಟಿ ಅಂಟಿರುತ್ತದೆ ಎಂಬುದು ಸಾಮಾನ್ಯ ಉತ್ತರ. ಆ ಉತ್ತರ ಅರ್ಧ ಸರಿ. 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗ ಗ್ರಾಮೀಣ ಸಂಸ್ಥೆಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ನಿರ್ಬಂಧಿತ. ಆದರೆ ಆ ನಿರ್ಬಂಧವನ್ನು ಓದಿದವರು ಕಡಿಮೆ. ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ. ಇನ್ನರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ. ಇದಕ್ಕಿಂತ ನೇರವಾದ ಹವಾಮಾನ ನಿಧಿ ಯಾವುದಿದೆ? ಸಂವಿಧಾನದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಜಲಾನಯನ, ಸಾಮಾಜಿಕ ಅರಣ್ಯ, ಅಸಾಂಪ್ರದಾಯಿಕ ಇಂಧನ ಇವೆಲ್ಲ 1993ರಿಂದಲೂ ಇವೆ. ಆ ಹಣ ಕ್ರಿಯಾಯೋಜನೆಯಲ್ಲಿ ಹೊಸ ಬೋರ್‌ವೆಲ್ಲೆಂದೋ ಕಾಂಕ್ರೀಟು ಚರಂಡಿಯೆಂದೋ ಇಳಿಯುವುದಕ್ಕೆ ನಿಯಮ ಕಾರಣವಲ್ಲ, ಅಭ್ಯಾಸ ಕಾರಣ. ಅಭ್ಯಾಸವನ್ನು ಪ್ರಶ್ನಿಸಬೇಕಾದ ಜಾಗ ಗ್ರಾಮಸಭೆ.

ಹಿವರೆ ಬಜಾರ್‌ನ ಪಾಠವೂ ಇದೇ, ಅದನ್ನೂ ನಾವು ತಪ್ಪಾಗಿ ಓದಿದ್ದೇವೆ. ಪೋಪಟರಾವ್ ಪವಾರ್ ಅವರಿಗೆ ಪದ್ಮಶ್ರೀ ಬಂದದ್ದು, ಬರದ ಹಳ್ಳಿ ಹಸಿರಾದದ್ದು ಎಲ್ಲರಿಗೂ ಗೊತ್ತು. ಚೆಕ್‌ಡ್ಯಾಮು, ಕಂದಕಗಳನ್ನು ನೋಡಲು ನಮ್ಮ ಜನಪ್ರತಿನಿಧಿಗಳೂ ಪ್ರವಾಸ ಹೋಗಿ ಬಂದಿದ್ದಾರೆ. ಚೆಕ್‌ಡ್ಯಾಮು ನಮ್ಮಲ್ಲೂ ಬೇಕಾದಷ್ಟಿವೆ. ಆ ಊರನ್ನು ಬೇರೆಯಾಗಿಸಿದ್ದು ಒಂದು ನಿಯಮ ಮತ್ತು ಒಂದು ಓದು: ನೀರಾವರಿಗೆ ಕೊಳವೆಬಾವಿ ಬೇಡ, ಕಬ್ಬು ಬಾಳೆ ಬೇಡ ಎಂದು ಊರೇ ಕೂತು ಒಪ್ಪಿಕೊಂಡ ನಿಯಮ, ಪ್ರತಿ ವರ್ಷ ಮಳೆಯ ಪ್ರಮಾಣ ನೋಡಿ, ಗ್ರಾಮಸಭೆಯಲ್ಲಿ ನೀರಿನ ಆಯವ್ಯಯ ಓದಿ, ಈ ಸಲ ಏನು ಬಿತ್ತಬೇಕೆಂದು ತೀರ್ಮಾನಿಸುವ ಪದ್ಧತಿ. ಅಟಲ್ ಭೂಜಲ ಯೋಜನೆಯಡಿ ನಮ್ಮ ಎಷ್ಟೋ ಪಂಚಾಯತಿಗಳಲ್ಲೂ ಜಲ ಆಯವ್ಯಯ ತಯಾರಾಯಿತು. ಆ ಲೆಕ್ಕವನ್ನು ಮುಂದಿಟ್ಟುಕೊಂಡು ಬೆಳೆ ಬದಲಿಸಿದ ಗ್ರಾಮಸಭೆ ಅಪರೂಪ. ಬೋರ್‌ವೆಲ್ ತಡೆಯುವ ಕಾನೂನುಬದ್ಧ ಅಧಿಕಾರ ಪಂಚಾಯತಿಗೆ ಇಲ್ಲವಲ್ಲ ಎಂದು ಕೇಳಬಹುದು. ಹಿವರೆ ಬಜಾರ್ ನಡೆದದ್ದು ಊರಿನ ಒಪ್ಪಿಗೆಯ ಬಲದಿಂದ. ಆ ಒಪ್ಪಿಗೆ ಹುಟ್ಟಬೇಕಾದರೆ ಲೆಕ್ಕ ಬಹಿರಂಗವಾಗಿ ಓದಿ ಹೇಳುವವರು ಬೇಕು, ಅದಕ್ಕೆ ಯಾವ ಕಾನೂನೂ ಅಡ್ಡಿ ಮಾಡುವುದಿಲ್ಲ.

ದಾಖಲೆ ತಯಾರಿಸುವುದೇ ಕೆಲಸವಾದಾಗ ಏನಾಗುತ್ತದೆ ಎಂಬುದಕ್ಕೆ ಜೀವವೈವಿಧ್ಯ ದಾಖಲಾತಿ ಸಾಕ್ಷಿ. 2002ರ ಕಾಯ್ದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ಇರಬೇಕು ಎಂದಿತು. ವರ್ಷಗಳ ಕಾಲ ಹೆಚ್ಚೇನೂ ನಡೆಯಲಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ವಿಧಿಸಿದ ಮೇಲೆ ದೇಶದಾದ್ಯಂತ ತರಾತುರಿಯಲ್ಲಿ ಪುಸ್ತಕಗಳು ಸಿದ್ಧವಾದವು. ಊರಿನ ಅಜ್ಜಿಗೆ ಗೊತ್ತಿದ್ದ ಸೊಪ್ಪಿನ ಹೆಸರನ್ನು ಊರವರೇ ಬರೆದಿಡಬೇಕೆಂಬುದು ಕಾಯ್ದೆಯ ಆಶಯ. ಗಡುವಿನ ಒತ್ತಡದಲ್ಲಿ ಆ ಆಶಯವೇ ಸೊರಗಿತು. ಈಗ ಪ್ರತಿ ಪಂಚಾಯತಿಗೂ ಪ್ರತ್ಯೇಕ ಹವಾಮಾನ ಕ್ರಿಯಾಯೋಜನೆ ಬೇಕೆಂಬ ಕೂಗು ಎದ್ದಿದೆ. ನನಗೆ ಭಯವಿರುವುದು ಇಲ್ಲೇ. ಅದೂ ಕಪಾಟಿನಲ್ಲಿ ಇನ್ನೊಂದು ಪುಸ್ತಕವಾಗಬಾರದು.

ಇಷ್ಟಾದರೂ ಹೊಗಳಬೇಕಾದ್ದನ್ನು ಹೊಗಳಲೇಬೇಕು. ಕಸದ ವಿಷಯದಲ್ಲಿ ಕರಾವಳಿಯ ಪಂಚಾಯತಿಗಳು ಮಾಡಿದ ಕೆಲಸವನ್ನು ಹವಾಮಾನದ ಕೆಲಸವೆಂದು ಯಾರೂ ಗುರುತಿಸಿಲ್ಲ. ಕುಂದಾಪುರದ ಕಡೆಯ ವಂಡ್ಸೆ ಪಂಚಾಯತಿ ಮನೆಮನೆಯಿಂದ ಹಸಿಕಸ, ಒಣಕಸ ಬೇರೆಬೇರೆಯಾಗಿ ಸಂಗ್ರಹಿಸುವ ಘಟಕ ನಡೆಸಿ ದಾರಿ ತೋರಿತು. ಕಾರ್ಕಳದ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಒಣಕಸ ವಿಂಗಡಣೆ ಕೇಂದ್ರ ಬಂದು ಹತ್ತಾರು ಪಂಚಾಯತಿಗಳು ಒಂದೇ ವ್ಯವಸ್ಥೆಗೆ ಸೇರಿದವು. ಒಂದೊಂದೇ ಪಂಚಾಯತಿಗೆ ನಿಭಾಯಿಸಲಾಗದ್ದನ್ನು ಕೂಡಿ ಮಾಡುವ ಈ ದಾರಿ ಬೇರೆ ಕೆಲಸಗಳಿಗೂ ಮಾದರಿ. ರಾಜ್ಯದ ಎಷ್ಟೋ ಊರುಗಳಲ್ಲಿ ‘ಸ್ವಚ್ಛ ವಾಹಿನಿ’ ಗಾಡಿಯನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಓಡಿಸುತ್ತಾರೆ. ತಿಪ್ಪೆಯ ಅಡಿಯಲ್ಲಿ ಗಾಳಿಯಾಡದೆ ಕೊಳೆಯುವ ಹಸಿಕಸದಿಂದ ಹೊರಡುವ ಮೀಥೇನ್, ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಶಾಖ ಹಿಡಿಯುತ್ತದೆ. ಹಸಿಕಸವನ್ನು ಬೇರ್ಪಡಿಸಿ ಗೊಬ್ಬರ ಮಾಡಿದ ಪಂಚಾಯತಿ ಯಾವ ಇಲಾಖೆಯ ಅನುಮೋದನೆಗೂ ಕಾಯದೆ ಭೂಮಿಯ ಬಿಸಿಯನ್ನು ಅಷ್ಟರಮಟ್ಟಿಗೆ ತಡೆದಿದೆ. ಆ ಗಾಡಿ ಓಡಿಸುವವರ ಗೌರವಧನ ತಿಂಗಳುಗಟ್ಟಲೆ ತಡವಾದರೆ ಅದು ಹವಾಮಾನ ನೀತಿಯ ವೈಫಲ್ಯ ಎಂದೇ ನಾನು ಬರೆಯುತ್ತೇನೆ.

ಬಿಸಿಲಿನ ವಿಷಯದಲ್ಲಿ ನಮ್ಮ ಪಾಲಿಕೆ, ಪುರಸಭೆಗಳಿಗೆ ಸಮರ್ಥನೆ ಇಲ್ಲ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದ್‌ನಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾದವು ಎಂದು ಅಧ್ಯಯನ ಹೇಳಿತು. ಅಲ್ಲಿನ ಮಹಾನಗರಪಾಲಿಕೆ 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ಬಿಸಿಗಾಳಿ ಕ್ರಿಯಾಯೋಜನೆ ತಂದಿತು. ಮುನ್ನೆಚ್ಚರಿಕೆಯ ಸಂದೇಶ, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ, ಕುಡಿಯುವ ನೀರಿನ ವ್ಯವಸ್ಥೆ, ನೆರಳಿನ ತಾಣ: ಇಷ್ಟೇ ಅದರ ತಿರುಳು. ಇದರಲ್ಲಿ ದುಬಾರಿಯಾದ ತಂತ್ರಜ್ಞಾನ ಯಾವುದೂ ಇಲ್ಲ. ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಾಗುತ್ತದೆ. ಸರ್ಕಾರಕ್ಕೆ ಬಿಸಿಲಿನ ಅಪಾಯ ಗೊತ್ತಿದೆ ಎಂದಾಯಿತು. ಹಾಗಾದರೆ ತರಕಾರಿ ಬಂಡಿಯವರಿಗೆ, ಗಾರೆ ಕೆಲಸದವರಿಗೆ, ತಗಡಿನ ಮನೆಯಲ್ಲಿ ಮಗು ಹಿಡಿದು ಕೂತ ಬಾಣಂತಿಗೆ ನಗರಸಭೆ ಏನು ಮಾಡಿದೆ? ಸಂತೆಕಟ್ಟೆಗೆ ಚಾವಣಿ, ಮಧ್ಯಾಹ್ನ ಬೀಗ ಹಾಕದ ಉದ್ಯಾನ, ಬಸ್ ನಿಲ್ದಾಣದಲ್ಲಿ ಬತ್ತದ ನಲ್ಲಿ, ಬಡವರ ಮನೆಯ ತಗಡಿಗೆ ಸುಣ್ಣ. ಇವೆಲ್ಲ ನಗರಸಭೆಯ ಕೈಯಳತೆಯ ಕೆಲಸಗಳು.

ಅಧಿಕಾರವಿಲ್ಲ ಎಂಬ ವಾದವನ್ನು ನಾನು ಪೂರ್ತಿ ಒಪ್ಪುವುದು ಬೆಂಗಳೂರಿನ ಮಟ್ಟಿಗೆ. 2023ರ ನವೆಂಬರ್‌ನಲ್ಲಿ ಬಿಬಿಎಂಪಿ ಬಿಡುಗಡೆ ಮಾಡಿದ ಹವಾಮಾನ ಕ್ರಿಯಾಯೋಜನೆ 2050ಕ್ಕೆ ನೆಟ್ ಝೀರೋ ಗುರಿಯಿಟ್ಟು ಏಳು ವಲಯಗಳ ಕೆಲಸವನ್ನು ಪಟ್ಟಿ ಮಾಡಿತು. ಶ್ರದ್ಧೆಯಿಂದ ಮಾಡಿದ ದಾಖಲೆ ಅದು. ಆದರೆ ವಿದ್ಯುತ್ತು ಬೆಸ್ಕಾಂ ಕೈಯಲ್ಲಿ, ಬಸ್ಸು ಬಿಎಂಟಿಸಿ ಕೈಯಲ್ಲಿ, ನೀರು ಜಲಮಂಡಳಿಯ ಕೈಯಲ್ಲಿ, ಭೂಬಳಕೆಯ ನಕ್ಷೆ ಬಿಡಿಎ ಕೈಯಲ್ಲಿ ಇದ್ದವು. ಕಸಕ್ಕೂ ಪ್ರತ್ಯೇಕ ಕಂಪನಿಯಾಗಿತ್ತು. ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ತರುವ ಪಂಪುಗಳು ನಗರದ ಇಂಗಾಲದ ಲೆಕ್ಕದಲ್ಲಿ ದೊಡ್ಡ ಬಾಬತ್ತು. ಅದರ ಬಗ್ಗೆ ಕಾರ್ಪೊರೇಟರ್ ಒಬ್ಬರು ಪ್ರಶ್ನೆ ಕೇಳಬಹುದಿತ್ತೇ ಹೊರತು ತೀರ್ಮಾನಿಸುವಂತಿರಲಿಲ್ಲ. ಇಂದೋರ್‌ನಲ್ಲಿ ನರ್ಮದೆಯ ನೀರೆತ್ತುವ ವಿದ್ಯುತ್ ಖರ್ಚು ತಗ್ಗಿಸಲು ಪಾಲಿಕೆಯೇ 2023ರಲ್ಲಿ 244 ಕೋಟಿ ರೂಪಾಯಿಯ ಹಸಿರು ಬಾಂಡ್ ಹೊರಡಿಸಿ, ಜಲೂದ್‌ನಲ್ಲಿ 60 ಮೆಗಾವ್ಯಾಟ್ ಸೌರ ಘಟಕಕ್ಕೆ ಕೈಹಾಕಿತು. ನೀರೂ ಬಿಲ್ಲೂ ಒಂದೇ ಸಂಸ್ಥೆಯ ಕೈಯಲ್ಲಿದ್ದದ್ದರಿಂದ ಅದು ಸಾಧ್ಯವಾಯಿತು.

ಪಾಲಿಕೆಯ ಕೈಯಲ್ಲೇ ಇದ್ದ ರಾಜಕಾಲುವೆಗಳಿಗೆ ಏನಾಯಿತು ಎಂಬ ಪ್ರಶ್ನೆ ಇಲ್ಲಿ ಏಳಲೇಬೇಕು. 2022ರ ಸೆಪ್ಟೆಂಬರ್ ಮಳೆಗೆ ಹೊರವರ್ತುಲ ರಸ್ತೆ, ಬೆಳ್ಳಂದೂರಿನ ಸುತ್ತಮುತ್ತ ಮುಳುಗಿದಾಗ ಎಲ್ಲರೂ ಹವಾಮಾನ ಬದಲಾವಣೆಯನ್ನು ದೂರಿದರು. ಮಳೆಗೆ ಹವಾಮಾನ ಕಾರಣವಿರಬಹುದು. ಆ ಮಳೆ ನೀರು ಮನೆಯೊಳಗೆ ನುಗ್ಗಲು ಕಾಲುವೆ ಒತ್ತುವರಿಯಾದದ್ದು, ಅದರ ಮೇಲೆ ಕಟ್ಟಲು ಪರವಾನಗಿ ಸಿಕ್ಕಿದ್ದು ಕಾರಣ. ಹವಾಮಾನ ಬದಲಾವಣೆಯನ್ನು ಆಡಳಿತದ ತಪ್ಪಿಗೆ ಹೊದಿಸುವ ಹೊದಿಕೆ ಮಾಡಿಕೊಳ್ಳುವುದು ಅದನ್ನು ಅಲ್ಲಗಳೆಯುವಷ್ಟೇ ಅಪಾಯಕಾರಿ.

ಈ ಮಾತನ್ನು ಕೇಳಬೇಕಾದವರು ಯಾರು ಎಂದು ನೋಡಿದರೆ ನನ್ನ ವಾದದ ಕೊನೆಯ ಕೊಂಡಿ ಸಿಗುತ್ತದೆ. ಬಿಬಿಎಂಪಿಯ ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ನಗರ ಐದು ಪಾಲಿಕೆಗಳಾಗಿ ಒಡೆಯುವ ಹೊತ್ತಿಗೆ ಐದು ವರ್ಷ ಚುನಾವಣೆಯಿಲ್ಲದೆ ಕಳೆದಿತ್ತು. ಇಪ್ಪತ್ತೇಳು ವರ್ಷ ಮುಂದಿನ ನೆಟ್ ಝೀರೋ ಗುರಿಯನ್ನು ಬರೆದದ್ದು ಒಬ್ಬನೇ ಒಬ್ಬ ಕಾರ್ಪೊರೇಟರ್ ಇಲ್ಲದ ಪಾಲಿಕೆ. ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ನಾಲ್ಕು ವರ್ಷ ದಾಟಿದರೂ ಚುನಾವಣೆ ನಡೆಯಲಿಲ್ಲ. ಅಬ್ದುಲ್ ನಜೀರ್ ಸಾಬ್ ಕಟ್ಟಿದ ಪಂಚಾಯತ್ ವ್ಯವಸ್ಥೆಯ ರಾಜ್ಯ ಇದು. ಕೆರೆಯಂಗಳದಲ್ಲಿ ಬಡಾವಣೆ ಎದ್ದರೆ, ನೀರಗಂಟಿಗೆ ಸಂಬಳ ನಿಂತರೆ, ಬಿಸಿಲಿಗೆ ಜನ ಸತ್ತರೆ ಯಾರನ್ನು ಹಿಡಿದು ಕೇಳಬೇಕೆಂದು ಮತದಾರನಿಗೆ ಗೊತ್ತಿರಬೇಕು. ಹಾಗೆ ಕೇಳಿಸಿಕೊಳ್ಳುವ ಭಯ ಇರುವವರು ಮಾತ್ರ ವಾಲ್ವನ್ನೂ ರಾಜಕಾಲುವೆಯನ್ನೂ ಸರಿಯಿಡುತ್ತಾರೆ. ಸ್ಥಳೀಯ ಸಂಸ್ಥೆಗಳ ಹವಾಮಾನ ಕಾರ್ಯಕ್ರಮದ ಪಟ್ಟಿ ಮಾಡಲು ನನಗೆ ಹೇಳಿದರೆ ಸೌರಫಲಕಕ್ಕಿಂತ, ಸಸಿಗಿಂತ, ನೆಟ್ ಝೀರೋಗಿಂತ ಮೇಲೆ ಮೊದಲನೆಯ ಸಾಲಿನಲ್ಲಿ ಬರೆಯುವುದು ಒಂದೇ: ಬಾಕಿಯಿರುವ ಚುನಾವಣೆಗಳನ್ನು ನಡೆಸಿ.